ಸಜ್ಜೆ ರೊಟ್ಟಿಯ ಆಯೇರಿ

ನನಗೆ ಸಿನಿಮಾ ಸೇರುವುದಿಲ್ಲ. ಟಿವಿಯ ಸೀರಿಯಲ್ಲೂ ಸೇರುವುದಿಲ್ಲ. ಅದರಲ್ಲಿ ಒಬ್ಬಳು ಬಾಗಿಲ ಹಿಂದೆ ನಿಂತು ಕದ್ದು ಕೇಳಲಿಕ್ಕೇ ಒಂದು ವಾರ ತೆಗೆದುಕೊಳ್ಳುತ್ತಾಳೆ. ನನಗೆ ಸೇರುವುದು ನಮ್ಮ ಕಡೆಯ ಕಂಪನಿ ನಾಟಕ. ಬಣ್ಣ ಹಚ್ಚಿಕೊಂಡವರು ಎದುರಿಗೇ ನಿಂತು ಒದರಬೇಕು, ಅವರ ಉಗುಳು ಮುಂದಿನ ಸಾಲಿನವರೆಗೆ ಸಿಡಿಯಬೇಕು. ಅದು ನಾಟಕ.

ಅದರಲ್ಲಿ ಆಯೇರಿಯೂ ಇರಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾತ್ರ ಮಾಡಿದವನ ಕೆಲಸ ಮನಸ್ಸಿಗೆ ಬಂದರೆ, ನೋಡುವವರು ಆಟದ ನಡುವೆಯೇ ಸ್ಟೇಜಿನ ಮೇಲೆ ಹೋಗಿ ಟವೆಲ್ಲೋ ನೋಟೋ ಕೊಟ್ಟು ಬರುತ್ತಾರೆ. ಕೂಡಲೇ ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ನಮ್ಮೂರಲ್ಲಿ ಒಮ್ಮೆ ಎದೆಗೆ ಚಾಕು ಬಿದ್ದು ಸತ್ತ ನಾಯಕ ಎದ್ದು ಕೂತು, ಟವೆಲ್ಲು ಹೊದ್ದುಕೊಂಡು, ಕೈಮುಗಿದು, ಮತ್ತೆ ಅದೇ ಜಾಗದಲ್ಲಿ ಸತ್ತ. ಆ ಟವೆಲ್ಲು ನಾನು ಕಳೆ ತೆಗೆದ ಕೂಲಿಯಲ್ಲಿ ತಂದದ್ದು. ಕೂಗಿದ್ದು ಗಂಡನ ಹೆಸರು. ಹೆಂಗಸರು ಕೊಟ್ಟರೂ ಗಂಡನ ಹೆಸರೇ. ಅವನು ಗಂಡಸರ ಕಡೆ ಕೂತು ಮೀಸೆ ತಿರುವಿದ. ಆವತ್ತೇ ಅಂದುಕೊಂಡೆ, ಒಂದು ಸಲ ನನ್ನ ಹೆಸರು ಮೈಕಿನಲ್ಲಿ ಬರಬೇಕು ಎಂದು. ಆಮೇಲೆ ಮುಂಬೈಗೆ ಬಂದೆವು, ಕಟ್ಟಡಗಳಿಗೆ ಇಟ್ಟಿಗೆ ಹೊತ್ತೆವು, ಗಂಡ ಸತ್ತ, ಮಗನಿಗೆ ಮದುವೆಯಾಯಿತು. ನಾಟಕ ಮಾತ್ರ ಬರಲಿಲ್ಲ.

ಹೋದ ವರ್ಷ ಬಂತು. ಸಯನ್ ಹತ್ತಿರದ ಒಂದು ಹಾಲಿನಲ್ಲಿ ನಮ್ಮ ಕಡೆಯ ಕಂಪನಿ ಒಂದೇ ಒಂದು ಆಟ ಆಡುತ್ತದೆ ಎಂದು ಮಗ ಫೋನಿನಲ್ಲಿ ನೋಡಿ ಹೇಳಿದ. ರವಿವಾರ ಮಧ್ಯಾಹ್ನ. ಅದರಲ್ಲಿ ಒಬ್ಬ ಹಾಸ್ಯದವನಿದ್ದಾನೆ, ಜಿಪುಣ ಧಣಿಯ ಮನೆಯಲ್ಲಿ ಹಸಿದುಕೊಂಡು ದುಡಿಯುವ ಆಳಿನ ಪಾತ್ರ, ನೋಡಿದವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ ಎಂದೂ ಹೇಳಿದ. ಹಸಿದವನಿಗೆ ಟವೆಲ್ಲು ಕೊಟ್ಟು ಏನು ಮಾಡುವುದು? ನಾನು ಸಜ್ಜೆ ರೊಟ್ಟಿ ಬಡಿದೆ. ಮೇಲೆ ಎಳ್ಳು ಒತ್ತಿ, ಹೆಂಚಿನ ಮೇಲೆ ಬಟ್ಟೆಯಿಂದ ಅದುಮಿ, ಖಡಕ್ ಆಗುವವರೆಗೆ ಸುಟ್ಟೆ. ಜೊತೆಗೆ ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ. ಗ್ಯಾಸಿನ ಉರಿಯಲ್ಲಿ ಮಾಡಿದ ರೊಟ್ಟಿ ರೊಟ್ಟಿಯಲ್ಲ ಎನ್ನುವವರು ಇದ್ದಾರೆ. ಅವರು ಭಾಂಡುಪಿನ ಮೂರನೇ ಮಾಳಿಗೆಯಲ್ಲಿ ಕಟ್ಟಿಗೆ ಒಲೆ ಹೂಡಿ ತೋರಿಸಲಿ.

ರೊಟ್ಟಿ ದೊಡ್ಡವು, ಹಿಡಿಸುವ ಡಬ್ಬಿ ಮನೆಯಲ್ಲಿ ಒಂದೇ. ಸೊಸೆಯ ಮದುವೆಯಲ್ಲಿ ಅವಳ ತಾಯಿ, ಅಂದರೆ ನನ್ನ ಬೀಗತಿ, ಕೊಟ್ಟ ಸ್ಟೀಲಿನ ಹಿಟ್ಟಿನ ಡಬ್ಬಿ. ಅದರ ಹೊಟ್ಟೆಯ ಮೇಲೆ ಮರಾಠಿಯಲ್ಲಿ ಏನೋ ಕೊರೆಸಿದ್ದಾಳೆ. ನನಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಬೇಕು, ಮರಾಠಿ ಯಾರು ಓದುತ್ತಾರೆ. ಹಿಟ್ಟು ತೆಗೆದು ಒರೆಸಿ ರೊಟ್ಟಿ ತುಂಬಿದೆ.

ಬೀಗತಿಯೂ ನಾಟಕಕ್ಕೆ ಹೊರಟಿದ್ದಳು. ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಾಳೆ, ಬಿಟ್ಟು ಹೋಗುವ ಹಾಗಿಲ್ಲ. ಡಬ್ಬಿ ನೋಡಿ ಬಾಗಿಲಲ್ಲೇ ಶುರು ಮಾಡಿದಳು.

"ಅಲ್ರೀ ಬೀಗ್ತೇರ, ರೊಟ್ಟಿ ಯಾರರ ಆಯೇರಿ ಮಾಡ್ತಾರೇನ್ರಿ? ಮಂದಿ ನಗ್ತಾರ."

"ನಗಲಿ ಬಿಡ್ರಿ. ಹಾಸ್ಯದ ನಾಟಕ ಐತಿ, ನಗಾಕ ಬರ್ತಾರ."

ಆವತ್ತು ಮೆಗಾ ಬ್ಲಾಕ್. ರವಿವಾರ ಹಳಿ ರಿಪೇರಿ ಮಾಡಲು ರೈಲ್ವೆಯವರು ಸ್ಲೋ ಗಾಡಿಯನ್ನು ಫಾಸ್ಟ್ ಹಳಿಯ ಮೇಲೆ ಓಡಿಸುತ್ತಾರೆ. ಓಡಿಸಲಿ, ನಮಗೇನು ಎಂದುಕೊಂಡು ಹತ್ತಿದೆವು. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಮುಂಬೈಯಲ್ಲಿ ಇಷ್ಟು ವರ್ಷ ಕಳೆದವಳು ನಾನು, ಯಾವ ಸ್ಟೇಷನ್ ಯಾವ ಬದಿಗೆ ಬರುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಸಯನ್ ಬರುವ ಮೊದಲೇ ಎಲ್ಲರನ್ನೂ ತಳ್ಳಿ, ಬೈಸಿಕೊಂಡು, ನನಗೆ ಗೊತ್ತಿದ್ದ ಬಾಗಿಲಿಗೆ ಹೋಗಿ ಡಬ್ಬಿ ಅವುಚಿಕೊಂಡು ನಿಂತೆ.

ಸಯನ್ ಬಂತು. ನನ್ನ ಬಾಗಿಲಿನ ಎದುರು ಬರೀ ಹಳಿ. ಹಳಿ ಬದಲಾದ ಮೇಲೆ ಪ್ಲಾಟ್‌ಫಾರ್ಮ್ ಇನ್ನೊಂದು ಬದಿಗೆ ಬಂದಿತ್ತು! ಬೀಗತಿ ಆ ಬಾಗಿಲ ಹತ್ತಿರವೇ ಇದ್ದಳು; ಇಳಿದು, ಸೆರಗು ಸರಿ ಮಾಡಿಕೊಂಡು, ಕಿಟಕಿಯಿಂದ ನನ್ನನ್ನು ನೋಡಿದಳು.

"ಇಳೀರಿ ಬೀಗ್ತೇರ!"

"ಎಲ್ಲಿಂದ ಇಳೀಲಿ, ನಿಮ್ಮ ತಲಿ ಮ್ಯಾಲಿಂದ?"

"ಆಜೀ, ಅಬ್ ದಾದರ್ ಮೇ ಉತರೋ," ಇನ್ನು ದಾದರಿನಲ್ಲೇ ಇಳಿಯಬೇಕು ಎಂದಳು ಪಕ್ಕದ ಹುಡುಗಿ, ಫೋನಿನಿಂದ ಕಣ್ಣು ತೆಗೆಯದೆ. ಬೀಗತಿ ಕೈಬೀಸುತ್ತ ಹಿಂದಾದಳು. ಆ ಕೈಬೀಸುವಿಕೆ ನನಗೆ ಚೆನ್ನಾಗಿ ಅರ್ಥವಾಯಿತು.

ದಾದರಿನಲ್ಲಿ ನಾನು ಇಳಿಯಲಿಲ್ಲ, ಮಂದಿ ಇಳಿಸಿದರು. ತಿರುಗಿ ಹೋಗುವ ಗಾಡಿಗೆ ಕಾದು ಬೇಸತ್ತು ಬಸ್ಸು ಹಿಡಿದೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಡಬ್ಬಿ ತೊಡೆಯ ಮೇಲೆ. ರಸ್ತೆಯ ಗುಂಡಿ ಒಂದೊಂದು ಬಂದಾಗಲೂ ಡಬ್ಬಿಯೊಳಗೆ ಚರಕ್ ಎನ್ನುತ್ತಿತ್ತು. ಅದು ಯಾತರ ಸದ್ದು ಎಂದು ನನಗೆ ಗೊತ್ತು. ಮುಚ್ಚಳ ತೆಗೆದು ನೋಡಲಿಲ್ಲ. ನೋಡಿದರೆ ಅಂಟುತ್ತವೆಯೇ?

ಹಾಲಿಗೆ ಹೋದಾಗ ನಾಟಕ ಅರ್ಧ ಮುಗಿದಿತ್ತು. ಬೀಗತಿ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಳು. ಸ್ಟೇಜಿನ ಮೇಲೆ ಹಾಸ್ಯದವನು ಧಣಿಯ ಕಾಲು ಒತ್ತುತ್ತ, ಹಸಿವಿನ ಮಾತು ಆಡುತ್ತಿದ್ದ. ಒಳ್ಳೆಯ ಹೊತ್ತಿಗೇ ಬಂದೆ ಎಂದು ನೆಟ್ಟಗೆ ಮೆಟ್ಟಿಲಿಗೆ ನಡೆದೆ. ನಾಟಕ ಕರೆಸಿದವರ ಪೈಕಿ, ಎದೆಗೆ ಬಿಲ್ಲೆ ಚುಚ್ಚಿಕೊಂಡ ಮಂಗಳೂರು ಕಡೆಯ ಒಬ್ಬ ಅಡ್ಡ ಬಂದ.

"ಅಮ್ಮಾ, ಎಲ್ಲಿಗೆ? ಹಾಗೆಲ್ಲ ಮೇಲೆ ಹೋಗ್ಲಿಕ್ಕಿಲ್ಲ. ಪ್ರೋಗ್ರಾಮ್ ನಡೀತಾ ಉಂಟು."

"ಅದು ನಡೆಯೂ ಮುಂದನ ಕೊಡೂದಪ್ಪ. ಮುಗದ ಮ್ಯಾಲ ಕೊಟ್ರ ಅದು ಆಯೇರಿ ಅಲ್ಲ, ಬುತ್ತಿ."

"ಮತ್ತೆ ಕೊಡುವ, ಈಗ ಕೂತ್ಕೊಳ್ಳಿ ಮಾರಾಯ್ರೆ. ಎಲ್ಲರೂ ನೋಡ್ತಿದ್ದಾರೆ."

ನೋಡಲಿ ಎಂದೇ ಬಂದವಳು ನಾನು. ಡಬ್ಬಿಯನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದು ನಿಂತೆ. ಅವನೂ ಸರಿಯಲಿಲ್ಲ, ನಾನೂ ಸರಿಯಲಿಲ್ಲ. ಆಗ ಮೇಲಿನಿಂದ ಹಾಸ್ಯದವನು ಧಣಿಯ ಕಾಲು ಬಿಟ್ಟು ಮೂಗು ಎತ್ತಿದ.

"ಧಣೀ! ಎಲ್ಲೋ ಶೇಂಗಾ ಚಟ್ನಿ ವಾಸನಿ ಬರಾಕತ್ತೈತಿ! ಏ ಸಾಹೇಬ್ರ, ಆ ಯವ್ವನ್ನ ಬಿಡ್ರಿ. ಈ ಊರಿಗೆ ಬಂದಾಗಿಂದ ಬರೇ ಇಡ್ಲಿ ತಿಂದು ಹೊಟ್ಟಿ ಹತ್ತಿ ಆಗೈತಿ."

ಹಾಲಿನ ತುಂಬ ನಗು. ಬಿಲ್ಲೆಯವನೂ ನಕ್ಕು ಸರಿದ. ಮೆಟ್ಟಿಲು ಹತ್ತಿ ಹೋದೆ. ಹಾಸ್ಯದವನು ಮುಚ್ಚಳ ತೆಗೆದು ಕೈ ಹಾಕಿದ. ಬೆರಳಿಗೆ ಬಂದದ್ದು ಚೂರು, ಎರಡನೇ ಸಲವೂ ಚೂರು.

"ಯವ್ವಾ, ಇದು ರೊಟ್ಟಿಯೋ, ಧಣಿ ಮನಿ ಗ್ವಾಡಿ ಗಾರೆಯೋ?"

"ರೊಟ್ಟಿ. ಭಾಂಡುಪಿಂದ ಲೋಕಲ್‌ನ್ಯಾಗ ಬಂದಾವ. ನೀ ಬಂದಿದ್ರ ನೀನೂ ಹಿಂಗ ಚೂರಾಗ್ತಿದ್ದಿ."

ಇದಕ್ಕೆ ಅವನಿಗಿಂತ ಹೆಚ್ಚು ನನಗೇ ಚಪ್ಪಾಳೆ ಬಂತು. ಅವನು ಚೂರಿಗೆ ಚಟ್ನಿ ಒತ್ತಿ ಬಾಯಿಗೆ ಹಾಕಿಕೊಂಡ. ಅಗಿಯುವಾಗ ನಾಟಕ ಮರೆತ. ಹಸಿದವರು ತಿನ್ನುವುದನ್ನು ನಾನು ಜೀವನವಿಡೀ ನೋಡಿದ್ದೇನೆ, ಅದು ಪಾತ್ರವಾಗಿರಲಿಲ್ಲ. ಧಣಿಯ ಪಾತ್ರದವನೂ ಕುರ್ಚಿಯಿಂದ ಎದ್ದು ಬಂದು ಕೈ ಹಾಕಿದ.

ಆಮೇಲೆ ಹಾಸ್ಯದವನು ಮೈಕು ಹಿಡಿದ. ನಾನು ಸೆರಗು ಹೊದ್ದು ನೆಟ್ಟಗೆ ನಿಂತೆ. ಅವನು ನನ್ನನ್ನು ಕೇಳಲಿಲ್ಲ. ಬೆಳಗಾವಿ ಕಡೆಯವನಿರಬೇಕು, ಮರಾಠಿ ಬರುತ್ತದೆ. ಡಬ್ಬಿಯನ್ನು ತಿರುಗಿಸಿ ಹೊಟ್ಟೆಯ ಮೇಲೆ ಕೊರೆದದ್ದನ್ನು ಗಟ್ಟಿಯಾಗಿ ಓದಿದ. ಹಾಲಿನ ನಾಲ್ಕೂ ಮೂಲೆಗೆ ಕೇಳಿಸಿತು, ಬೀಗತಿಯ ಹೆಸರು.

ಬೀಗತಿ ಏನು ಮಾಡಬೇಕು? ಕೂತಿರಬೇಕು. ಅವಳು ಎದ್ದಳು. ಎದ್ದು, ಮಂದಿಯ ಕಡೆ ತಿರುಗಿ, ಮಂತ್ರಿಯ ಹಾಗೆ ಕೈಮುಗಿದಳು. ಚಪ್ಪಾಳೆ ಬಿತ್ತು.

ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಮೈಕು ಕಸಿದುಕೊಂಡೆ. "ಅದು ಡಬ್ಬಿ ಕೊಟ್ಟಾಕಿ ಹೆಸರಪ್ಪ! ರೊಟ್ಟಿ ಬಡದಾಕಿ ನಾನು!"

"ತಪ್ಪಾತಬೇ. ಹಂಗಾದ್ರ ನಿಮ್ಮ ಮನಿಯವರ ಹೆಸರು ಹೇಳು, ಕೂಗ್ತೀನಿ."

"ನಮ್ಮ ಮನಿಯಾಂವ ರೊಟ್ಟಿ ಬಡದಿಲ್ಲ. ಎಂದೂ ಬಡದಿಲ್ಲ."

ಅವನು ಮೈಕು ಕೇಳಿ ಕೈ ಚಾಚಿದ, ನಾನು ಕೊಡಲಿಲ್ಲ. ನನ್ನ ಹೆಸರನ್ನು ನಾನೇ ಒದರಿದೆ. ಮೈಕು ಕುಯ್ಯ್ ಎಂದು ಕಿರುಚಿತು. ಮೊದಲನೆಯದು ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಒದರಿದೆ. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಬಿಲ್ಲೆಯವನು ತಲೆ ಹಿಡಿದುಕೊಂಡಿದ್ದ. ನಾನು ಕೆಳಗಿಳಿದು ಬೀಗತಿಯ ಪಕ್ಕ ಕೂತು ಉಳಿದ ನಾಟಕ ನೋಡಿದೆ. ಚೆನ್ನಾಗಿತ್ತು. ಆದರೆ ಕೊನೆಗೆ ಧಣಿ ಒಳ್ಳೆಯವನಾಗುತ್ತಾನೆ, ಅದು ನನಗೆ ಸೇರಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಖಾಲಿ ಡಬ್ಬಿ ನಮ್ಮಿಬ್ಬರ ನಡುವೆ.

"ಏನರ ಅನ್ರಿ, ಮೊದಲು ನನ್ನ ಹೆಸರ ಬಂತು," ಎಂದಳು ಬೀಗತಿ.

"ನಿಮ್ಮದು ಒಂದು ಸಲ. ನಂದು ಎರಡು ಸಲ."

"ಆ ಮೈಕ್ ಕಿರಚಿದ್ದು ಲೆಕ್ಕಕ್ಕಿಲ್ಲರಿ."

ಘಾಟಕೋಪರ್ ಬರುವವರೆಗೆ ಹೀಗೇ ನಡೆಯಿತು. ಆಮೇಲೆ ಇಬ್ಬರಿಗೂ ನಗು ಬಂತು, ಎದುರಿನವಳು ಸರಿದು ಕೂತಳು.

ಮರುದಿನ ಡಬ್ಬಿ ತೆಗೆದುಕೊಂಡು ಭಾಂಡುಪ್ ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಮಷಿನ್ನಿನಿಂದ ಹೆಸರು ಕೊರೆಯುತ್ತಾನೆ. ಹಳೆಯದನ್ನು ಅಳಿಸಲು ಆಗುವುದಿಲ್ಲ ಎಂದ. ಇರಲಿ, ಮುಚ್ಚಳ ಖಾಲಿ ಇದೆಯಲ್ಲ, ಅದರ ತುಂಬ ನನ್ನ ಹೆಸರು ಕೊರಿ ಎಂದೆ. ಅವನಿಗೆ ಬರುವುದು ಮರಾಠಿ ಅಕ್ಷರ ಮಾತ್ರ. ಸರಿಯಾಗಿ ಕೊರೆದನೋ ಇಲ್ಲವೋ ನನಗೆ ತಿಳಿಯುವ ಹಾಗಿರಲಿಲ್ಲ. ಬೀಗತಿಗೆ ತಿಳಿಯುತ್ತದೆ. ನೆಟ್ಟಗೆ ಅವಳ ಮನೆಗೆ ಹೋಗಿ, ಮುಚ್ಚಳವನ್ನು ಅವಳ ಮುಂದೆ ಹಿಡಿದು, ಗಟ್ಟಿಯಾಗಿ ಓದ್ರಿ ಎಂದೆ. ಓದಿದಳು. ಸರಿಯಾಗಿತ್ತು.