ಎಲ್ಲಿಗೆ ಹೊಂಟೀರಿ?

ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ಮಿಶ್ರಿಕೋಟಿಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಗ್ರಾಮಸೇವಕ ಶಂಕ್ರಪ್ಪನವರಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದರು, ಪುಣ್ಯಾತ್ಮ!

ಎಪ್ಪತ್ತರ ದಶಕ ಅದು. ಪೋರ್ಚುಗೀಸರು ಬಿಟ್ಟುಹೋದ ಗೋವಾದಲ್ಲಿ ರಸ್ತೆ, ಕಟ್ಟಡಗಳ ಕೆಲಸ ಜೋರಾಗಿತ್ತು. ನಮ್ಮವರು ಬಸ್ಸಿನಲ್ಲಿ ಅಳ್ನಾವರಕ್ಕೆ ಹೋಗಿ ಅಲ್ಲಿಂದ ರೈಲು ಹತ್ತುತ್ತಿದ್ದರು. ಊರು ಸುಧಾರಿಸಿದರೆ ಜನ ಗುಳೆ ಹೋಗುವುದಿಲ್ಲ ಎಂದು ಸರಕಾರ ನಂಬಿತ್ತು. ಆ ಭಾರವನ್ನೆಲ್ಲ ಶಂಕ್ರಪ್ಪನವರ ಸೈಕಲ್ಲಿನ ಮೇಲೆ ಹೇರಿತ್ತು. ಊರು ಖಾಲಿಯಾದಷ್ಟೂ ಮೇಲಿನವರು ಅವರನ್ನೇ ಹಿಡಿದು ಝಾಡಿಸುತ್ತಿದ್ದರು.

ಬಸ್ ಸ್ಟ್ಯಾಂಡಿನ ಬಾಜೂಕ್ಕೇ ನನ್ನ ಹಿಟ್ಟಿನ ಗಿರಣಿ. ಗಂಟು ಹೊತ್ತವರು ಕಂಡರೆ ಸಾಕು, ಶಂಕ್ರಪ್ಪನವರು ಸೈಕಲ್ ಅಡ್ಡ ಹಾಕಿ, "ಎಲ್ಲಿಗೆ ಹೊಂಟೀರಿ?" ಎನ್ನುತ್ತಿದ್ದರು. ಹೊರಟವರು ಬೈದುಕೊಳ್ಳುತ್ತ, ಅಪಶಕುನ ಕಳೆಯಲೆಂದು ಮನೆಗೆ ಮರಳಿ, ಕೂತು, ನೀರು ಕುಡಿದು ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

"ಇದೂ ಸರಕಾರದ ಯೋಜನಾ ಏನ್ರಿ?" ಎಂದೆ ಒಮ್ಮೆ.

"ಖರ್ಚಿಲ್ಲದ ಯೋಜನಾರಿ ಇದು" ಎಂದು ಮೀಸೆ ತಿರುವಿದರು.

ಖರ್ಚಿನ ಯೋಜನೆಯೂ ಬಂತು. ನಮ್ಮ ಓಣಿಯ ಗಂಗವ್ವನಿಗೆ ಬಿಳಿ ಫಾರಂ ಕೋಳಿ ಕೊಡಿಸಿ, "ತತ್ತಿ ಮಾರ್ಕೊಂತ ಊರಾಗ ಇರಬೇ ಯವ್ವಾ" ಎಂದು ಕೈಮುಗಿದರು. ತಿಂಗಳೊಳಗೆ ಗಂಗವ್ವ ಗಂಡನೊಡನೆ ಸ್ಟ್ಯಾಂಡಿಗೆ ಹಾಜರ್!

"ನಿಮ್ಮ ಕೋಳಿ ಅಗದಿ ಚಲೋ ಇದ್ವುರಿ ಸಾಹೇಬ್ರ. ಮಾರಿದ್ದಕ್ಕ ಇಬ್ಬರದೂ ಟಿಕೀಟ್ ಆತು ನೋಡ್ರಿ!"

ಶಂಕ್ರಪ್ಪನವರು ಎಲ್ಲಿಗೆ ಎಂದು ಕೇಳುವುದನ್ನೂ ಮರೆತು ಬಾಯಿ ತೆರೆದು ನಿಂತರು. ಅವಳು ಮರಳಿ ಬರುವವರೆಗೆ ಅವಳ ಎಮ್ಮೆಗೆ ಮೇವು ಹಾಕಿದವರೂ ಅವರೇ. ಇಂಥ ಹುಚ್ಚಪ್ಪನ ಮೇಲೆ ಪ್ರೀತಿ ಬರದೆ ಇರುತ್ತದೆಯೇ?

ಕೊನೆಗೆ ಅವರಿಗೇ ನವಲಗುಂದಕ್ಕೆ ವರ್ಗವಾಯಿತು. ಟ್ರಂಕು, ಸೈಕಲ್ಲು ಬಸ್ಸಿನ ನೆತ್ತಿ ಏರಿದವು. ಅವರು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೇ ತಡ, ಸುಗ್ಗಿಗೆಂದು ಊರಿಗೆ ಬಂದಿದ್ದ ಗಂಗವ್ವ ಅಡ್ಡ ಬಂದಳು.

"ಎಲ್ಲಿಗೆ ಹೊಂಟೀರಿ ಸಾಹೇಬ್ರ? ಊರಾಗೇನ್ ಕಡಿಮಿ ಆಗೇತಿ ನಿಮಗ?"

ಸ್ಟ್ಯಾಂಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದನ್ನೆಲ್ಲಾ ನಾ ನಂಬೂದಿಲ್ಲಬೇ" ಎನ್ನುತ್ತಲೇ ಶಂಕ್ರಪ್ಪನವರು ಕೆಳಗಿಳಿದರು, ಸಾಮಾನೂ ಇಳಿಸಿದರು. ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ತಂಬಿಗೆ ಮುಗಿಯುವಷ್ಟರಲ್ಲಿ ಬಸ್ಸು ಹೋಯಿತು. ಅಂದು ಗಂಗವ್ವನ ಮನೆಯಲ್ಲೇ ರೊಟ್ಟಿ ಉಂಡರು.

ಮರುದಿನ ಊರಲ್ಲಿ ಉಳಿದವರೆಲ್ಲ ಸ್ಟ್ಯಾಂಡಿಗೆ ಬಂದಿದ್ದರು. ಬಸ್ಸು ಹತ್ತುವ ಮೊದಲು ಶಂಕ್ರಪ್ಪನವರು ನಿಂತು ಒಬ್ಬೊಬ್ಬರ ಮುಖ ನೋಡಿದರು. ಗಂಗವ್ವನ ಮುಖವನ್ನು ಎರಡು ಸಲ ನೋಡಿದರು. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಹೊರಟವರ ಕೆಲಸ ಕೆಡಬಾರದಲ್ಲ, ಯಾರೂ ಕೇಳಲಿಲ್ಲ.