ಮುಖ ಬೇಡ, ನಡಿಗೆ ಸಾಕು

ನನ್ನ ಫೋಟೋ ಮೊದಲ ಸಲ ಅಚ್ಚಾದದ್ದು ಮುಳಬಾಗಿಲಿನ ಒಂದು ಸೀರೆ ಅಂಗಡಿಯ ಕ್ಯಾಲೆಂಡರಿನಲ್ಲಿ. ತೊಂಬತ್ತರ ದಶಕದ ನಡುವಿನ ಮಾತು. ಯಲ್ದೂರಿನಿಂದ ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಬಿ.ಎ. ಓದುತ್ತಿದ್ದೆ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಮನೆಯಲ್ಲಿ ಅದು ಅಂಕಪಟ್ಟಿಗಿಂತ ದೊಡ್ಡ ಚಿಂತೆ. "ಇವಳಿಗೆ ಗಂಡು ಹುಡುಕೋಕೆ ಏಣಿ ತಗೊಂಡ್ ಹೋಗ್ಬೇಕು" ಎಂದು ಅಪ್ಪನ ತಾಯಿ, ನಮ್ಮಜ್ಜಿ, ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕನ ಮದುವೆಗೆ ಸೀರೆ ಕೊಳ್ಳಲು ಹೋದಾಗ ಅಂಗಡಿಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಮ್ಮನಿಗೆ ಕೈ ಮುಗಿದರು. "ತಪ್ಪು ತಿಳ್ಕೋಬೇಡಿ ತಾಯಿ. ನಿಮ್ಮ ಮಗಳು ಉಟ್ರೆ ಸೀರೆ ಪೂರ್ತಿ ಕಾಣುತ್ತೆ. ಬೇರೆಯವರು ಉಟ್ರೆ ಅರ್ಧ ಡಿಸೈನು ನೆರಿಗೇಲೇ ಹೋಗ್ಬಿಡುತ್ತೆ. ಕ್ಯಾಲೆಂಡರಿಗೆ ಒಂದು ಫೋಟೋ ತೆಗೆಸ್ಲಾ?" ಉಟ್ಟ ಸೀರೆ ನಮಗೇ ಎಂದು ಗೊತ್ತಾದ ಮೇಲೆ ಅಮ್ಮ ಒಪ್ಪಿಕೊಂಡಳು. ಅಪ್ಪನನ್ನು ಕೇಳಲಿಲ್ಲ. ಮರೆತೆ ಎಂದಳು.

ಅಪ್ಪ ಶ್ರೀನಿವಾಸಪುರದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಡ್ಮಾಸ್ಟರು. ಅಂಗಡಿಯವರು ಯುಗಾದಿಗೆ ಸುತ್ತಲ ಶಾಲೆಗಳಿಗೆಲ್ಲ ಕ್ಯಾಲೆಂಡರ್ ಹಂಚಿದರು. ಅಪ್ಪ ಊಟ ಮುಗಿಸಿ ಬರುವಷ್ಟರಲ್ಲಿ ಜವಾನ ಅದನ್ನು ಅವರ ಕುರ್ಚಿಯ ಹಿಂದಿನ ಗೋಡೆಗೇ ತೂಗುಹಾಕಿದ್ದ. ದಿನಾಂಕ ಬೇಕಾದ್ದರಿಂದ ತೆಗೆಯುವ ಹಾಗಿಲ್ಲ, ಮಗಳು ಗುಲಾಬಿ ಸೀರೆಯಲ್ಲಿ ನಗುತ್ತಿರುವುದರಿಂದ ಬಿಡುವ ಹಾಗೂ ಇಲ್ಲ. ಅಪ್ಪ ಗೋಂದು ತರಿಸಿ ನನ್ನ ಮೇಲೆ ಶಾಲೆಯ ವೇಳಾಪಟ್ಟಿ ಅಂಟಿಸಿದರು. ಆ ಶಾಲೆಯ ಟೀಚರೊಬ್ಬರು ಬಸ್ಸಿನಲ್ಲಿ ಸಿಕ್ಕಿ, "ನಿನ್ನ ಹಣೆ ಮೇಲೆ ಗಣಿತ, ಕೆನ್ನೆ ಮೇಲೆ ಸಮಾಜ ವಿಜ್ಞಾನ ಕಣೇ. ಕಣ್ಣು ಮಾತ್ರ ಆಟದ ಪೀರಿಯಡ್ಡಲ್ಲಿ ಸ್ವಲ್ಪ ಕಾಣುತ್ತೆ" ಎಂದು ನಕ್ಕರು. ಮನೆಯಲ್ಲಿ ಅಪ್ಪ ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ವಾಸಿ ಇತ್ತು.

ಕ್ಯಾಲೆಂಡರಿನಿಂದ ಉಪ್ಪಿನಕಾಯಿ ಬಾಟಲಿಗೆ, ಬಾಟಲಿಯಿಂದ ತಲೆಗೆ ಹಚ್ಚುವ ಎಣ್ಣೆಗೆ, ಅಲ್ಲಿಂದ ಬೆಂಗಳೂರಿನ ಸೀರೆ ಪ್ರದರ್ಶನಗಳಿಗೆ ಬಡ್ತಿ ಸಿಕ್ಕಿತು. ಅಕ್ಕನನ್ನು ಮಾಲೂರಿಗೆ ಕೊಟ್ಟಿದ್ದೆವು. ಡಿಗ್ರಿ ಮುಗಿಸಿ ಅವಳ ಮನೆ ಸೇರಿ, ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಯಾರಾದರೂ ಕೇಳಿದರೆ ಅಪ್ಪ "ಪ್ರಚಾರ ವಿಭಾಗದಲ್ಲಿದಾಳೆ" ಎನ್ನುತ್ತಿದ್ದರು. ಕೇಳಿದವರು ಅದನ್ನು ಸರ್ಕಾರಿ ಇಲಾಖೆ ಎಂದುಕೊಂಡರೆ ಅಪ್ಪ ತಿದ್ದುತ್ತಿರಲಿಲ್ಲ.

ಏಳೆಂಟು ವರ್ಷ ಹೀಗೇ ನಡೆಯಿತು. ಇಪ್ಪತ್ತೆಂಟಕ್ಕೆ ಬಂದಾಗ ನನ್ನನ್ನು ಕರೆಯುವ ಜಾಹೀರಾತುಗಳು ಬದಲಾದವು. ಒಂದರಲ್ಲಿ ತಾಯಿ. ಆರು ತಿಂಗಳು ಕಳೆಯುವುದರೊಳಗೆ ಇನ್ನೊಂದರಲ್ಲಿ ಅತ್ತೆ. ಕೂದಲಿಗೆ ಬಿಳಿ ಪುಡಿ ಬಳಿಯುತ್ತಿದ್ದ ಮೇಕಪ್ಪಿನವಳು "ನಿಮಗೆ ಚೆನ್ನಾಗ್ ಒಪ್ಪುತ್ತೆ ಮೇಡಂ" ಎಂದಾಗ ನನಗೆ ಅಳು ಬಂತು. ನಕ್ಕೆ. ನಗುವುದೇ ನನ್ನ ಕಸುಬು.

ಅದೇ ವಾರ ಮಾಡೆಲುಗಳನ್ನು ಒದಗಿಸುವ ಒಬ್ಬ ಪರಿಚಯದವರು ಫೋನು ಮಾಡಿದರು. "ವೀಡಿಯೊ ಗೇಮ್ ಮಾಡೋರು ಎತ್ತರದ ಹೆಂಗಸು ಬೇಕು ಅಂತಿದಾರೆ. ಮುಖ ಹೇಗಿದ್ರೂ ಪರವಾಗಿಲ್ಲಂತೆ."

ನನಗೆ ಗೊತ್ತಿದ್ದ ವೀಡಿಯೊ ಗೇಮ್ ಒಂದೇ: ಅಂಗೈಯಲ್ಲಿ ಹಿಡಿದು, ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವುದು. ಅಕ್ಕನಿಗೆ ಅದನ್ನೇ ಹೇಳಿದೆ. "ಇಟ್ಟಿಗೆ ಜೋಡ್ಸೋಕೆ ಮಾಲೂರಿಂದ ಬೆಂಗ್ಳೂರಿಗ್ ಹೋಗ್ತೀಯೇನೇ?" ಎಂದಳು ಅವಳು.

ಆದರೂ ಹೋದೆ. ಒಂದೂವರೆ ಗಂಟೆ ಕೂತು ಮೇಕಪ್ ಮಾಡಿಕೊಂಡೇ ಹೋದೆ. ದೊಡ್ಡ ಖಾಲಿ ಹಾಲ್. ಗೋಡೆಯ ಸುತ್ತ ಕ್ಯಾಮೆರಾಗಳು. ನಿರ್ದೇಶನ ಮಾಡುವವಳು ನನಗಿಂತ ಚಿಕ್ಕವಳು, ಮೊಣಕಾಲು ಹರಿದ ಜೀನ್ಸ್ ಹಾಕಿದ್ದಳು. ಪಾಪ, ಹೊಸದು ಕೊಳ್ಳಲು ಆಗಿಲ್ಲವೇನೋ ಎಂದುಕೊಂಡೆ. ಮೈಗಂಟುವ ಕಪ್ಪು ಉಡುಪೊಂದನ್ನು ಕೊಟ್ಟಳು. ಅದರ ಮೇಲೆ ಕೀಲುಕೀಲಿಗೂ ಹೊಳೆಯುವ ಸಣ್ಣ ಗುಂಡುಗಳು.

"ಕ್ಯಾಮೆರಾಗೆ ನೀವು ಕಾಣಲ್ಲ ಮೇಡಂ. ಈ ಗುಂಡುಗಳು ಮಾತ್ರ ಕಾಣ್ತವೆ. ನೀವು ಹೇಗೆ ಆಡ್ತೀರೋ ಹಾಗೆ ಕಂಪ್ಯೂಟರಲ್ಲಿರೋ ಹೆಂಗಸು ಆಡ್ತಾಳೆ."

"ಮುಖ?"

"ಮುಖ ಆಗ್ಲೇ ಬರೆದಾಗಿದೆ."

ಬಚ್ಚಲಿಗೆ ಹೋಗಿ ಮೇಕಪ್ಪು ತೊಳೆದುಕೊಂಡು ಬಂದೆ.

ಕಥೆ ಸರಳವಾಗಿತ್ತು. ಒಬ್ಬ ಯೋಧೆ, ಒಬ್ಬಳೇ, ಕತ್ತಿ ಹಿಡಿದು ಬೆಟ್ಟ ದಾಟಿ ಶತ್ರುವಿನ ಕೋಟೆಗೆ ಹೋಗಬೇಕು. ಮೊದಲು ಬರೀ ನಡೆಯಬೇಕು. ನಾನು ಕತ್ತು ನೀಳ ಮಾಡಿ, ಒಂದು ಹೆಜ್ಜೆಯ ಮುಂದೆ ಇನ್ನೊಂದಿಟ್ಟು, ಆ ತುದಿಯ ಗೋಡೆಯ ಹತ್ತಿರ ನಿಂತು, ಸೊಂಟಕ್ಕೆ ಕೈ ಕೊಟ್ಟು ತಿರುಗಿ ನಕ್ಕೆ.

"ಮೇಡಂ, ನಗು ರೆಕಾರ್ಡ್ ಆಗಲ್ಲ."

ಮತ್ತೆ ನಡೆದೆ. ತಿರುಗುವ ಜಾಗ ಬಂದರೆ ಸಾಕು, ತುಟಿ ತಾನಾಗಿ ಅಗಲವಾಗುತ್ತಿತ್ತು. ಮಧ್ಯಾಹ್ನದ ತನಕ ನಡೆಸಿ ನಡೆಸಿ ಅವಳು ನೆಲದ ಮೇಲೆ ಕೂತುಬಿಟ್ಟಳು. "ನೀವು ಯುದ್ಧಕ್ಕೆ ಹೋಗ್ತಿಲ್ಲ, ಅರಿಶಿನ ಕುಂಕುಮಕ್ಕೆ ಹೋಗ್ತಿದೀರಿ. ನಾಳೆ ಒಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀಬೇಕಾಗುತ್ತೆ."

ರೈಲಿನಲ್ಲಿ ಮಾಲೂರಿನ ತನಕ ನಿಂತೇ ಬಂದೆ. ಮುಖ ಸಾಲದು ಎಂದು ಕೆಲವರು ಹೇಳಿದ್ದರು. ನಡೆಯಲಿಕ್ಕೇ ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಆ ಹಾಲ್‌ನಲ್ಲಿ ನಿಂತಾಗ, ಹೆದರದೆ ಒಬ್ಬಳೇ ನಡೆದು ಹೋಗುವ ಹೆಂಗಸನ್ನು ನಾನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸಿದೆ. ಅಜ್ಜಿ ನೆನಪಾದಳು. ಕಾಯಿ ಬಲಿಯುವ ಕಾಲದಲ್ಲಿ ಮಾವಿನ ತೋಟದ ಮೂಲೆಯಲ್ಲಿ ಎಲೆ ಅಲುಗಿದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಕಂಕುಳಲ್ಲಿ ಇಟ್ಟು ಹೊರಡುತ್ತಿದ್ದಳು. ಓಡುತ್ತಿರಲಿಲ್ಲ. ಬಲ ಭುಜ ಒಂದಿಷ್ಟು ಮುಂದೆ, ಅಂಗಾಲು ಪೂರ್ತಿ ನೆಲಕ್ಕೆ. ಅವಳು ಅರ್ಧ ದಾರಿಯಲ್ಲಿರುವಾಗಲೇ ಕೋತಿಗಳು ಪಕ್ಕದ ತೋಟ ಸೇರಿರುತ್ತಿದ್ದವು.

ಹಾಗೆ ನಡೆದೆ. ನಿರ್ದೇಶಕಿ ಕುರ್ಚಿಯಿಂದ ಎದ್ದಳು.

"ಇದು ಯಾರು?"

"ನಮ್ಮಜ್ಜಿ."

"ಮುಂದೆ ಎಲ್ಲಾನೂ ಅಜ್ಜೀನೇ ಮಾಡ್ಲಿ!"

ಅಲ್ಲಿಂದ ಎರಡು ತಿಂಗಳು ಅಜ್ಜಿ ಕತ್ತಿ ಬೀಸಿದಳು, ಗೋಡೆ ಹಾರಿದಳು, ಕುದುರೆಯ ಬದಲು ಇಟ್ಟಿದ್ದ ಮರದ ಪೀಪಾಯಿ ಏರಿದಳು. ಕಲ್ಲೆಸೆಯುವುದು ಮಾತ್ರ ನನ್ನದೇ ವಿದ್ಯೆ. ಮಾವಿನ ಸೀಮೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರು ಹೇಳಿಕೊಡಬೇಕು? ಆಮೇಲೆ ಸಾಯುವ ಕೆಲಸ. ಬಾಣ ತಗುಲಿ, ಬೆಂಕಿ ಬಿದ್ದು, ನೀರಲ್ಲಿ ಮುಳುಗಿ, ಮೆಟ್ಟಿಲ ಮೇಲೆ ಉರುಳಿ, ದಪ್ಪ ಹಾಸಿಗೆಯ ಮೇಲೆ ದಿನಕ್ಕೆ ಹತ್ತಾರು ಸಲ ಸತ್ತೆ. ಊರಿಗೆ ಹೋದಾಗ ಮೊಣಕೈ ಕಪ್ಪಾಗಿದ್ದನ್ನು ನೋಡಿ ಅಜ್ಜಿ ವಿಚಾರಿಸಿದಳು. ಹೇಳಿದೆ.

"ಸಾಯೋದಕ್ಕೂ ಸಂಬಳ ಕೊಡ್ತಾರಾ?"

"ಕೊಡ್ತಾರೆ ಅಜ್ಜಿ."

"ಸತ್ತ ಮೇಲೋ?"

"ಎದ್ದು ಟೀ ಕುಡೀತೀನಿ."

ಕೊನೆಗೆ ಧ್ವನಿ. ಆಟ ಹೊರದೇಶಕ್ಕೆ ಹೋಗುವುದಾದ್ದರಿಂದ ಮಾತನ್ನು ಅಲ್ಲಿನವರೇ ಆಡಿದ್ದರು. ಏಟು ಬಿದ್ದಾಗಿನ ನರಳಾಟ ಮಾತ್ರ ನನ್ನದು. ಯಾವ ಭಾಷೆಯೆಂದು ತಿಳಿಯದಂತೆ ನರಳಬೇಕು ಎಂದರು. ಗಡಿ ಸೀಮೆಯವರಾದ ನಮಗೆ ಮಾತು ಕನ್ನಡದಲ್ಲಿ ಬಂದರೂ ನೋವು ತೆಲುಗಿನಲ್ಲೇ ಬರುವುದು. ಎಷ್ಟು ತಡೆದುಕೊಂಡರೂ ಒಂದು ಸಲ "ಓರಿ ನಾಯನೋ!", ಅಂದರೆ ಅಯ್ಯೋ ಅಪ್ಪಾ, ಎಂದುಬಿಟ್ಟೆ. ಕ್ಷಮೆ ಕೇಳಿದೆ. ಧ್ವನಿ ಹಿಡಿಯುವವರು ಅದನ್ನು ನಾಲ್ಕು ಸಲ ಕೇಳಿ, ಬಹಳ ನಿಜವಾಗಿದೆ, ಇರಲಿ ಎಂದರು.

ಆಟ ಸಿದ್ಧವಾದ ಮೇಲೆ ಅದರ ಒಂದಿಷ್ಟು ಭಾಗವನ್ನು ಸಿನಿಮಾದ ಹಾಗೆ ಸಿ.ಡಿ.ಗೆ ಹಾಕಿಕೊಟ್ಟರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಪ್ಪನ ಶಾಲೆಗೆ ಆಗಷ್ಟೇ ಬಂದಿದ್ದವು. ಧೂಳಾಗಬಾರದೆಂದು ಬೆಡ್‌ಶೀಟು ಹೊದ್ದು ಮಲಗಿದ್ದವು. ಒಂದು ಭಾನುವಾರ ಅಪ್ಪ ತಾವಾಗಿಯೇ ಬೀಗದ ಕೈ ತೆಗೆದುಕೊಂಡು, "ನಡೀರಿ, ನೋಡೇಬಿಡೋಣ" ಎಂದರು. ಅಮ್ಮ, ಅಜ್ಜಿ ಬೆಂಚಿನ ಮೇಲೆ ಕೂತರು.

ತೆರೆಯ ಮೇಲೆ ತಾಮ್ರದ ಬಣ್ಣದ ಕೂದಲು, ನೀಲಿ ಕಣ್ಣು, ಲೋಹದ ಕವಚ, ತುಂಡು ಚಡ್ಡಿಯ ಹೆಂಗಸೊಬ್ಬಳು ಬಂದಳು.

"ನೀನೆಲ್ಲಿ?" ಎಂದಳು ಅಮ್ಮ.

"ಅವಳೇ ನಾನು."

ಅಮ್ಮ ನನ್ನ ಮುಖವನ್ನೂ ಅದನ್ನೂ ಎರಡೆರಡು ಸಲ ನೋಡಿದಳು. ಅಷ್ಟರಲ್ಲಿ ಆ ಹೆಂಗಸು ಬಲ ಭುಜ ಮುಂದೆ ಮಾಡಿ ನಡೆಯತೊಡಗಿದಳು. ಅಮ್ಮ ಬೆಂಚಿನಿಂದ ಎದ್ದೇಬಿಟ್ಟಳು. "ಅಯ್ಯೋ ಅತ್ತೆ! ಇದು ನೀವು!"

"ಸುಮ್ನಿರೇ" ಎಂದಳು ಅಜ್ಜಿ. "ನಾನ್ಯಾವಾಗ ಚಡ್ಡಿ ಹಾಕ್ದೆ?" ಸ್ವಲ್ಪ ಹೊತ್ತು ಮೂಗಿನ ಮೇಲೆ ಬೆರಳಿಟ್ಟು ನೋಡಿದಳು. "ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿದೆ. ಮೂರನೆಯ ಸಲ ಯೋಧೆಗೆ ಗದೆಯ ಏಟು ಬಿದ್ದು ಕೋಣೆಯ ತುಂಬ ಮತ್ತೆ "ಓರಿ ನಾಯನೋ" ಮೊಳಗಿದಾಗ ಅಪ್ಪ ತಡೆಯಲಾರದೆ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನ್ನ ಕೆಲಸ ನೋಡಿ ಅವರು ನಕ್ಕದ್ದು ಅದೇ ಮೊದಲು.

ಸೋಮವಾರ ಅವರು ಮಧ್ಯಾಹ್ನದ ಬಿಡುವಿನಲ್ಲಿ ಟೀಚರುಗಳನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿದರಂತೆ. ಆ ನೀಲಿ ಕಣ್ಣಿನ ಹೆಂಗಸಿನ ಕಡೆ ಬೆತ್ತ ತೋರಿಸಿ, "ನನ್ನ ಮಗಳು" ಎಂದರಂತೆ. ಯಾರೂ ಎದುರು ಮಾತಾಡಲಿಲ್ಲವಂತೆ. ಹೆಡ್ಮಾಸ್ಟರು ಹೇಳಿದ ಮೇಲೆ ಮುಗಿಯಿತು. ಇದನ್ನು ನನಗೆ ಹೇಳಿದ್ದು ಅಮ್ಮ.

ಆಮೇಲೆ ಕೆಲಸ ಬರುತ್ತಲೇ ಹೋಯಿತು. ಮುದುಕ ರಾಜನಾದೆ, ಕುಂಟ ಕಾವಲುಗಾರನಾದೆ, ಒಂದೇ ದಿನ ಎರಡೂ ಕಡೆಯ ಸೈನಿಕರಾಗಿ ನನ್ನನ್ನು ನಾನೇ ಕೊಂದೆ. ಮಾಡೆಲಾಗಿದ್ದಾಗ ವಯಸ್ಸು ಮುಚ್ಚಿಡುತ್ತಿದ್ದೆ. ಇಲ್ಲಿ ಯಾರೂ ಕೇಳಲೇ ಇಲ್ಲ. ಒಂದು ದಿನ ನಿರ್ದೇಶಕಿ ಕರಡಿ ಮಾಡ್ತೀರಾ ಎಂದಳು. ಒಪ್ಪಿಕೊಂಡು ಬಂದು ಅಕ್ಕನ ಮನೆಯ ನಡುಮನೆಯಲ್ಲಿ ಅಭ್ಯಾಸಕ್ಕೆ ಇಳಿದೆ. ನಾಲ್ಕೂ ಕಾಲ ಮೇಲೆ, ತಲೆ ತಗ್ಗಿಸಿ, ಮೂಸುತ್ತಾ ಮಂಚದ ಸುತ್ತ ಎರಡು ಸುತ್ತು ಬಂದಿದ್ದೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದರು.

"ಕಿವಿ ಓಲೆ ಬಿದ್ದೋಯ್ತಾ?" ಎಂದರು.

ಕರಡಿ ಎಂದು ಹೇಳುವುದು ಹೇಗೆ? "ಹೂಂ" ಎಂದೆ. ಅವರು ಬಟ್ಟಲು ಪಕ್ಕಕ್ಕಿಟ್ಟು, ಸೀರೆ ಎತ್ತಿ ಕಟ್ಟಿ, ನನ್ನ ಪಕ್ಕದಲ್ಲೇ ನಾಲ್ಕು ಕಾಲಿಗೆ ಬಂದರು. ಅಕ್ಕ ಹಿತ್ತಲಿನಿಂದ ಬರುವ ತನಕ ಇಬ್ಬರೂ ಮಂಚದ ಕೆಳಗೆ ಹುಡುಕಿದೆವು.