ಎಂಟು ಬಟ್ಟಲು ಮತ್ತು ಕೊತ್ತಂಬರಿ

ನನ್ನದು ಮಾತು ಕಡಿಮೆ. ಅದನ್ನು ಗಾಂಭೀರ್ಯವೆಂದು ತಿಳಿದವರಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಮನೆಯಲ್ಲಿ ನನ್ನ ಪಾಲಿನ ಸಂಭಾಷಣೆಯೆಲ್ಲ ಒಂದು 'ಹೂಂ'ನಲ್ಲಿ ಮುಗಿಯುತ್ತದೆ. ಅವ್ವನ ಮಾತು ಕೇಳಿಸಿದರೂ ಹೂಂ, ತಲೆ ತುಂಬಿ ಏನೂ ಇಳಿಯದಿದ್ದರೂ ಹೂಂ.

ಇದರ ಅಪಾಯ ನನಗೆ ಗೊತ್ತಿರಬೇಕಿತ್ತು. ನೀರಿನ ಮೀಟರಿನಂಥ ಪುಟ್ಟ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವಳು ನಾನು. ಅವುಗಳ ನೆನಪು ಚಿಕ್ಕದು. ಬಂದ ಅಂಕಿಗಳನ್ನು ಸುತ್ತು ಬಫರಿನಲ್ಲಿ ಇಟ್ಟುಕೊಳ್ಳುತ್ತವೆ. ಎಂಟು ಬಟ್ಟಲುಗಳನ್ನು ದುಂಡಗೆ ಜೋಡಿಸಿದ್ದೀರಿ ಅಂದುಕೊಳ್ಳಿ. ಒಂದು ಕೈ ಸುತ್ತುತ್ತ ತುಂಬುತ್ತದೆ, ಇನ್ನೊಂದು ಹಿಂದೆಯೇ ಬರಿದು ಮಾಡುತ್ತದೆ. ಎರಡೂ ಕೈ ಒಂದೇ ಬಟ್ಟಲಿನ ಮೇಲಿದ್ದರೆ ಎಲ್ಲ ಖಾಲಿ ಎಂದರ್ಥ. ಆದರೆ ಎಂಟನ್ನೂ ತುಂಬಿ ಸುತ್ತು ಬಂದಾಗಲೂ ಕೈಗಳು ಅಲ್ಲೇ! ಯಂತ್ರ ಖಾಲಿಯೆಂದುಕೊಂಡು ಒಂಬತ್ತನೆಯದನ್ನು ಮೊದಲನೆಯದರ ಮೇಲೆ ಸುರಿದು, ತನ್ನ ಬಳಿ ಇರುವುದು ಅದೊಂದೇ ಎಂದು ನೆಮ್ಮದಿಯಿಂದಿರುತ್ತದೆ. ಮದ್ದು ಸುಲಭ: ಒಂದು ಬಟ್ಟಲನ್ನು ಎಂದೂ ತುಂಬಬಾರದು. ಏಳಕ್ಕೇ 'ತುಂಬಿತು' ಎಂದು ಕೂಗಬೇಕು.

ಒಂದು ಭಾನುವಾರ ಅವ್ವ ರೊಟ್ಟಿ ಬಡಿಯುತ್ತ ಒಂಬತ್ತು ಕೆಲಸ ಹೇಳಿದಳು. ಒಂಬತ್ತು ಹೂಂ ಬಿದ್ದವು. ಮೊದಲನೆಯದು: ಅವಳ ತಂಗಿ, ನನ್ನ ಚಿಕ್ಕವ್ವ, ಕಲಬುರಗಿಯಿಂದ ಮೊದಲ ಸಲ ಒಬ್ಬಳೇ ರೈಲಿನಲ್ಲಿ ಬರುತ್ತಾಳೆ, ನಾಂಪಲ್ಲಿ ಸ್ಟೇಷನ್ನಿಗೆ ಹೋಗಿ ಕರೆದು ತಾ. ಕೊನೆಯದು: ಕೊತ್ತಂಬರಿ.

ಹಿಮಾಯತ್‌ನಗರದ ಬೀದಿಯೆಲ್ಲ ಅಲೆದು ಎಳೆಯ ಕಟ್ಟು ಆರಿಸಿ ತಂದೆ.

"ಅಕಿ ಎಲ್ಲಿ?" ಎಂದಳು ಅವ್ವ.

"ಯಾರು?"

ರೊಟ್ಟಿಯ ಸದ್ದು ನಿಂತಿತು. ಚಿಕ್ಕವ್ವನ ಫೋನು ಹತ್ತಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಗೆ ಓಡುವಷ್ಟರಲ್ಲಿ ಬಾಗಿಲಲ್ಲೇ ಆಟೋ. "ಕಾಯ್ಕು ಭಾಯಿ, ಯಾಕ ಇಷ್ಟ್ ಸುತ್ತಿಸಿದಿ?" ಎಂದು ಡ್ರೈವರನನ್ನು ಬಯ್ಯುತ್ತ ಚಿಕ್ಕವ್ವ ಇಳಿದಳು. ಕಣ್ಣು ಕೆಂಪಗಿದ್ದವು. ನನ್ನ ಕೈಯಲ್ಲಿನ್ನೂ ಕಟ್ಟು ಹಾಗೇ ಇತ್ತು.

"ಒಂದ್ ತಾಸು ಹಾದಿ ನೋಡಿದೆ. ಕೊತ್ತಂಬರಿ ಛಲೋ ಸಿಕ್ತೇನವಾ?"

ಊಟಕ್ಕೆ ಕೂತಾಗ, ಕ್ಷಮೆ ಕೇಳುವ ಬದಲು, ಬಟ್ಟಲುಗಳನ್ನು ಜೋಡಿಸಿ ಇಬ್ಬರಿಗೂ ಸಿದ್ಧಾಂತ ವಿವರಿಸಿದೆ. "ಒಂದು ಬಟ್ಟಲ ಸುಮ್ನ ಖಾಲಿ? ದಂಡ ಅಲ್ಲೇನು?" ಎಂದಳು ಅವ್ವ. ಚಿಕ್ಕವ್ವ ಮಾತ್ರ ಆ ಬಟ್ಟಲನ್ನೇ ನೋಡುತ್ತಿದ್ದಳು.

ವಾರದ ನಂತರ ನಾಂಪಲ್ಲಿಯಲ್ಲಿ ಬೀಳ್ಕೊಡುವಾಗ ಚಿಕ್ಕವ್ವ ಹೇಳಿದಳು: "ಮುಂದಿನ ಸಲ ನನ್ನ ರೈಲು ಆ ಖಾಲಿ ಬಟ್ಟಲದಾಗ ಇಟ್ಕೋ."

ಅದನ್ನು ತುಂಬುವಂತಿಲ್ಲ ಎಂದು ವಿವರಿಸಲು ಬಾಯಿ ತೆರೆದವಳು, ಅವಳ ಮುಖ ನೋಡಿ "ಹೂಂ" ಎಂದೆ.

"ಏನ್ ಹೇಳಿದೆ ನಾ? ತಿರುಗಿ ಹೇಳು."

ಅಕ್ಷರ ಬಿಡದೆ ಹೇಳಿದೆ. ಆಮೇಲೆಯೇ ಅವಳು ರೈಲು ಹತ್ತಿದ್ದು.